ಬಲಗಡೆಯ ಹಳದಿ

ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೂ ಫೋಟೋ ತೆಗೆದು ಹೊಟ್ಟೆ ಹೊರೆಯುವ ನಮಗೆಲ್ಲ ಅವರು ಮೇಷ್ಟ್ರು. ನಾವು ಕಳಿಸಿದ ಚಿತ್ರಗಳಲ್ಲಿ ಬಣ್ಣ ಕೆಟ್ಟಿದ್ದರೆ ಬೆಳಗ್ಗೆ ಬೆಳಗ್ಗೆಯೇ ಫೋನು ಮಾಡಿ ಕಿವಿ ಹಿಂಡುತ್ತಿದ್ದರು. ‘ಮದುಮಗಳನ್ನ ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿ ತೆಗೆದಿದ್ದೀಯಲ್ಲಪ್ಪ, ಹೀರೇಕಾಯಿ ಥರ ಕಾಣ್ತಾಳೆ. ಅವಳೇನು ಪಾಪ ಮಾಡಿದ್ಳು?’ ಎನ್ನುತ್ತಿದ್ದರು. ಬೈದು ಮುಗಿಸಿ, ಆ ಹೀರೇಕಾಯಿಗೆ ಮತ್ತೆ ಹೆಣ್ಣಿನ ಮುಖ ಬರುವಂತೆ ಮಾಡಿ ಮಧ್ಯಾಹ್ನದೊಳಗೆ ಕಳಿಸಿಬಿಡುತ್ತಿದ್ದರು.

ಬಣ್ಣ ತಿದ್ದುವುದೇ ಅವರ ಕಸುಬು. ಮೊದಲು ಪ್ರಿಂಟ್ ಹಾಕುವ ಲ್ಯಾಬಿನಲ್ಲಿದ್ದರು. ಲ್ಯಾಬು ಮುಚ್ಚಿದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡರು. ಒಟ್ಟು ಇಪ್ಪತ್ತನಾಲ್ಕು ವರ್ಷ. ಆ ಕೋಣೆಯ ನಾಲ್ಕೂ ಗೋಡೆಗೆ ಬೂದು ಬಣ್ಣ, ಕಿಟಕಿಗೆ ದಪ್ಪ ಪರದೆ. ಹೊರಗೆ ಸುಡುಬಿಸಿಲಿದ್ದರೂ ಒಳಗೆ ಸಂಜೆ ಆರೂವರೆ. ಮೈಮೇಲಿನ ಬಟ್ಟೆಯ ಬಣ್ಣ ಮಾನಿಟರಿನ ಮೇಲೆ ಬಿದ್ದರೆ ಕಣ್ಣಿಗೆ ಮೋಸವಾಗುತ್ತದೆಂದು ಅವರು ಬೂದು ಅಂಗಿ ಬಿಟ್ಟು ಬೇರೆ ಹಾಕಿದ್ದನ್ನು ನಾನು ಕಂಡಿಲ್ಲ.

ಆ ಅಂಗಿಗಳನ್ನು ಹೊಲಿದುಕೊಡುತ್ತಿದ್ದವರು ಅವರ ಹೆಂಡತಿ. ನನಗೂ ಅವರಿಗೂ ನೆಂಟಸ್ತನ ಏನೂ ಇಲ್ಲ. ಬಾಯಿ ತುಂಬ ಅತ್ತಿಗೆ ಎಂದು ಕರೆದೂ ಕರೆದೂ ಅವರು ಅತ್ತಿಗೆಯೇ ಆಗಿಬಿಟ್ಟರು. ಹಿಂದಿನ ಕೋಣೆಯಲ್ಲಿ ಅವರ ಹೊಲಿಗೆ ಯಂತ್ರ. ‘ನಮ್ಮ ಯಜಮಾನರಿಗೆ ಅಂಗಿ ಹೊಲಿಯೋದು ಸುಲಭ, ಬಣ್ಣ ಯಾವ್ದು ಅಂತ ಕೇಳೋ ತಾಪತ್ರಯವೇ ಇಲ್ಲ’ ಎಂದು ನಗುತ್ತಿದ್ದರು. ಗಿರಾಕಿಗಳ ಬಟ್ಟೆಗೆ ಹೊಂದುವ ದಾರ ಯಾವುದೆಂದು ಸಂಶಯ ಬಂದರೆ ನಾಲ್ಕು ಉಂಡೆ ಹಿಡಿದು ಮುಂದಿನ ಕೋಣೆಗೆ ಬರುತ್ತಿದ್ದರು. ಮೇಷ್ಟ್ರು ತಲೆಯೆತ್ತಿ ಒಮ್ಮೆ ನೋಡಿ, ಒಂದನ್ನು ಮುಟ್ಟಿ, ಮತ್ತೆ ಕೆಲಸಕ್ಕೆ ತಿರುಗುತ್ತಿದ್ದರು. ಅದೇ ಆ ದಂಪತಿಯ ಸರಸ, ಅದೇ ಸಲ್ಲಾಪ. ಅವರು ಮುಟ್ಟಿದ ದಾರದಲ್ಲಿ ಹೊಲಿದರೆ ಹೊಲಿಗೆ ಎಲ್ಲಿದೆಯೆಂದು ಹುಡುಕಬೇಕಾಗುತ್ತಿತ್ತು.

ಒಬ್ಬಳೇ ಮಗಳು. ಓದು ಮುಗಿಸಿ, ಬಸ್ಸಿನಲ್ಲಿ ಎಂಟು ಗಂಟೆ ದೂರದ ಊರಿನಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು.

ಮೇಷ್ಟ್ರ ಹಳೆಯ ಮಾನಿಟರ್ ಒಂಬತ್ತು ವರ್ಷ ದುಡಿದು ಒಂದು ಬೆಳಗ್ಗೆ ಕಣ್ಣು ಮುಚ್ಚಿತು. ಹೊಸದನ್ನು ಕೊಳ್ಳಲು ಅವರ ಜೊತೆ ಹೋಗಿದ್ದವನು ನಾನೇ. ಹಳೆಯದಕ್ಕಿಂತ ದೊಡ್ಡದು, ತೆಳ್ಳಗೆ ಚೆನ್ನಾಗಿತ್ತು. ಪೆಟ್ಟಿಗೆಯ ಒಂದು ತುದಿ ಅವರು, ಇನ್ನೊಂದು ತುದಿ ನಾನು ಹಿಡಿದು ಮೆಟ್ಟಿಲು ಹತ್ತಿದೆವು. ಅತ್ತಿಗೆ ಬಾಗಿಲಲ್ಲಿ ನಿಂತು ಹೊಸ ಸೊಸೆ ಬಂದಳೇನೋ ಎಂಬಂತೆ ದಾರಿ ಬಿಟ್ಟರು.

ಮೂರನೆಯ ದಿನ ಮೇಷ್ಟ್ರ ಫೋನು ಬಂತು. ದನಿ ಇಳಿದಿತ್ತು. ಮಾನಿಟರಿನ ಬಲಗಡೆ ಹಳದಿ ಇದೆ ಎಂದರು.

ಹೋಗಿ ನೋಡಿದೆ. ನನಗೇನೂ ಕಾಣಲಿಲ್ಲ. ಅವರು ಇಡೀ ಪರದೆಗೆ ಒಂದೇ ಬೂದು ಬಣ್ಣ ತುಂಬಿದರು. ಆಗಲೂ ಕಾಣಲಿಲ್ಲ. ಆಮೇಲೆ ಒಂದು ಅಗಲವಾದ ರಟ್ಟಿನ ಪಟ್ಟಿ ತಂದು ನಡುವೆ ಅಡ್ಡ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡು ಎಂದರು. ಹೌದು. ಎಡಗಡೆ ಒಲೆಯ ಬೂದಿಯಂತಿದ್ದದ್ದು ಬಲಗಡೆ ಹಳೆಯ ಕಾಗದದಂತಿತ್ತು. ಒಮ್ಮೆ ಕಂಡ ಮೇಲೆ ಕಾಣದ ಹಾಗೆ ಇರುವುದು ಸಾಧ್ಯವಿರಲಿಲ್ಲ.

ಅಲ್ಲಿಂದ ಶುರುವಾಯಿತು ಅವರ ಒದ್ದಾಟ. ಕೋಣೆಯ ಬೆಳಕಿನ ದೋಷವಿರಬಹುದೆಂದು ಮಾನಿಟರನ್ನು ತಲೆಕೆಳಗು ಮಾಡಿ ನಿಲ್ಲಿಸಿದರು. ಹಳದಿಯೂ ಅದರ ಜೊತೆ ಎಡಕ್ಕೆ ಬಂತು. ಕೇಬಲ್ ಬದಲಾಯಿಸಿದರು. ಒಳಗಿನ ಅಂಟು ಹೊಸದಾಗಿದ್ದರೆ ಹೀಗಾಗುತ್ತದೆ, ನಾಲ್ಕು ದಿನ ಉರಿಸಿದರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ ನಾಲ್ಕು ದಿನ ಆರಿಸದೆ ಬಿಟ್ಟರು. ಬಣ್ಣ ಅಳೆಯುವ ಪುಟ್ಟ ಯಂತ್ರವನ್ನು ಪರದೆಯ ಮೇಲೆ ನೇತುಹಾಕಿ ಅಳೆದರು. ಅದು ಇಡೀ ಪರದೆಯನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಬಲಗಡೆಯ ಹಳದಿ ಇಳಿಸಿದರೆ ಎಡಗಡೆ ನೀಲಿಗೆ ತಿರುಗುತ್ತಿತ್ತು. ಕಾಲಿಗೆ ಎಳೆದರೆ ತಲೆಗಿಲ್ಲ ಎಂಬ ಹೊದಿಕೆಯ ಕತೆ. ಅಂಗಡಿಯವನು ಇಷ್ಟು ಸಣ್ಣ ವ್ಯತ್ಯಾಸ ಎಲ್ಲದರಲ್ಲೂ ಇರುತ್ತದೆ ಎಂದು ಸಾಗಹಾಕಲು ನೋಡಿದ. ಜಗಳವಾಡಿ ಬದಲಿ ತರಿಸಿದರು. ಬದಲಿ ಬಂದದ್ದರಲ್ಲಿ ಬಲಗಡೆಯ ಹಳದಿಯ ಜೊತೆಗೆ ಕೆಳಗಿನ ಮೂಲೆಯಲ್ಲಿ ಗುಲಾಬಿ ಬೇರೆ.

ಆ ದಿನಗಳಲ್ಲೇ ನಾನೊಂದು ಮಾತಾಡಿದೆ. ಫೋನಿನಲ್ಲಿ ಅವರು ಮೂರನೆಯ ಸಲ ಹಳದಿ ಪುರಾಣ ತೆಗೆದಾಗ, ‘ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ ಮೇಷ್ಟ್ರೇ. ಮೊದಲು ಹೋಗಿ ನಿಮ್ಮ ಕಣ್ಣು ತೋರಿಸಿ’ ಅಂದೆ. ಇಬ್ಬರೂ ನಕ್ಕೆವು. ಅವರು ಅದನ್ನು ಅತ್ತಿಗೆಗೂ ಕೂಗಿ ಹೇಳಿದರು. ಹಿಂದಿನ ಕೋಣೆಯಿಂದ ಅತ್ತಿಗೆಯೂ ನಕ್ಕದ್ದು ನನಗೆ ಫೋನಿನಲ್ಲಿ ಕೇಳಿಸಿತು.

ನಗು ಬಹಳ ದಿನ ಉಳಿಯಲಿಲ್ಲ. ಆ ಪರದೆಯ ಮೇಲೆ ತಿದ್ದಿದ ನನ್ನದೇ ಒಂದು ಆಲ್ಬಮ್ ವಾಪಸ್ಸು ಬಂತು. ಗುಂಪು ಫೋಟೋಗಳಲ್ಲಿ ಬಲಗಡೆ ನಿಂತವರ ಮುಖವೆಲ್ಲ ನೀಲಿ. ಪರದೆಯ ಹಳದಿಯನ್ನು ಮುಖದ ಹಳದಿ ಎಂದು ತಿಳಿದು ಮೇಷ್ಟ್ರು ತೆಗೆದಿದ್ದರು. ಮದುಮಗನ ಸೋದರಮಾವಂದಿರು ನೀರಿನಿಂದ ಎತ್ತಿ ತಂದವರಂತೆ ಸಾಲಾಗಿ ನಿಂತಿದ್ದರು. ಇಪ್ಪತ್ತನಾಲ್ಕು ವರ್ಷದಲ್ಲಿ ಮೇಷ್ಟ್ರ ಕೈಯಿಂದ ಹೋದ ಒಂದು ಹಾಳೆಯೂ ಹಿಂದಕ್ಕೆ ಬಂದಿರಲಿಲ್ಲ. ನಾನು ಆಲ್ಬಮ್ ಅವರ ಮುಂದಿಟ್ಟಾಗ ಅವರು ಪುಟ ತಿರುವಲಿಲ್ಲ. ಮೊದಲ ಪುಟದ ಮೇಲೆಯೇ ಕೈಯಿಟ್ಟು ಕೂತುಬಿಟ್ಟರು. ಮತ್ತೆ ಮಾಡಿಕೊಡಿ, ಆದಷ್ಟು ಬೇಗ ಎಂದು ಅವಸರ ಮಾಡಿ ಬಂದೆ. ಆ ಅವಸರ ನನ್ನದು.

ಅಲ್ಲಿಂದ ಅವರಿಗೆ ತಮ್ಮ ಕಣ್ಣಿನ ಮೇಲೇ ನಂಬಿಕೆ ಹೋಯಿತು. ದಿನಕ್ಕೆ ಹತ್ತು ಸಲ ಅತ್ತಿಗೆಯನ್ನು ಕೂಗಿ ಕರೆದು ಪರದೆಯ ಮುಂದೆ ನಿಲ್ಲಿಸುತ್ತಿದ್ದರು. ಯಂತ್ರದ ಮೇಲೆ ಅರ್ಧ ಹೊಲಿದ ಬಟ್ಟೆ ಬಿಟ್ಟು ಅವರು ಬರುತ್ತಿದ್ದರು.

‘ನಂಗೆ ಎರಡೂ ಒಂದೇ ಥರ ಕಾಣತ್ತೆ ರೀ.’

‘ಸರಿಯಾಗಿ ನೋಡು.’

‘ನೋಡ್ತಾನೇ ಇದ್ದೀನಲ್ಲ.’

‘ಕಣ್ಣಿದ್ದೂ ಕುರುಡಿ ಥರ ಮಾತಾಡ್ತೀಯಲ್ಲ’ ಎಂದುಬಿಟ್ಟರು ಒಂದು ದಿನ. ಅತ್ತಿಗೆ ಹೋಗಿ ಹೊಲಿಯಲು ಕೂತರು. ಆ ಮಾತನ್ನು ಮೇಷ್ಟ್ರು ಆಮೇಲೆ ನನ್ನೆದುರು ಎಷ್ಟು ಸಲ ತಿರುಗಿ ಹೇಳಿದ್ದಾರೋ ಲೆಕ್ಕವಿಲ್ಲ. ಅವರಾಗಿ ಹೇಳದಿದ್ದರೆ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅದಾದ ಮರುದಿನವೇ, ಒಂದು ಹೊಸ ಫೋಟೋ ತೆಗೆದು ಪರೀಕ್ಷೆ ಮಾಡೋಣವೆಂದು ಅವರಿಗೆ ಹೊಳೆಯಿತು. ಎದುರಿಗಿರುವ, ದಿನಾ ನೋಡುವ ಮುಖವಾದರೆ ಪರದೆಯ ಸುಳ್ಳು ಗೊತ್ತಾಗುತ್ತದಲ್ಲ. ಅತ್ತಿಗೆಯನ್ನು ಹಿಂದಿನ ಕೋಣೆಯ ಕಿಟಕಿಯ ಬಳಿ ಕೂರಿಸಿದರು. ಕೈಗೊಂದು ಬೂದು ರಟ್ಟು ಕೊಟ್ಟರು. ಬಣ್ಣದವರ ಬಳಿ ಇರುವ ಅಳತೆಯ ರಟ್ಟು ಅದು. ಚಿತ್ರದಲ್ಲಿ ಅದು ಅಪ್ಪಟ ಬೂದಾಗಿ ಬಂದರೆ ಉಳಿದದ್ದೆಲ್ಲ ನಿಜವೆಂದು ಅರ್ಥ. ಅತ್ತಿಗೆ ಹೆರಳು ಸರಿಮಾಡಿಕೊಂಡು ರಟ್ಟನ್ನು ಎದೆಗೆ ಆನಿಸಿ ಹಿಡಿದು ಸ್ವಲ್ಪ ನಾಚಿಕೊಂಡೇ ಕೂತರು. ಮೇಷ್ಟ್ರು ಹೆಂಡತಿಯ ಫೋಟೋ ತೆಗೆದು ಎಷ್ಟೋ ವರ್ಷವಾಗಿತ್ತು.

ಚಿತ್ರವನ್ನು ಪರದೆಯ ಮೇಲೆ ತೆರೆದು ಬಲಕ್ಕೆ ಎಳೆದರು. ಮುಖ ಹಳದಿ. ಎಡಕ್ಕೆ ಎಳೆದರು. ಅಲ್ಲೂ ತುಸು ಹಳದಿ, ಕಣ್ಣಿನ ಬಿಳಿಯಲ್ಲಿ ಕೂಡ. ಹಾಳಾದದ್ದು, ಎಡಗಡೆಗೂ ಹಬ್ಬಿತಲ್ಲ ಎಂದು ಅವರಿಗೆ ರೋಸಿಹೋಯಿತು. ಅಭ್ಯಾಸದ ಕೈ. ಹಳದಿಯನ್ನು ಎಳೆದು ತೆಗೆದರು. ಮುಖ ತಿಳಿಯಾಯಿತು, ಕಣ್ಣು ಬೆಳ್ಳಗಾಯಿತು. ಅತ್ತಿಗೆಯನ್ನು ಕರೆದು ತೋರಿಸಿದರು.

‘ನಾನು ಇಷ್ಟು ಚೆನ್ನಾಗಿದ್ದೀನಾ?’ ಎಂದರಂತೆ ಅತ್ತಿಗೆ.

‘ಇರೋದೇ ಹೀಗೆ. ಈ ದರಿದ್ರ ಪರದೆ ಕೆಡಿಸಿತ್ತು ಅಷ್ಟೇ’ ಎಂದರಂತೆ ಇವರು.

ಇನ್ನೂ ಸುಮಾರು ನಾಲ್ಕು ವಾರ ಪತ್ರ, ಫೋನು, ಜಗಳದಲ್ಲೇ ಹೋಯಿತು. ಕೊನೆಗೆ ಮಾನಿಟರಿನ ಕಂಪನಿಯ ಕಡೆಯಿಂದ ರಿಪೇರಿಯವರೊಬ್ಬರು ಮನೆಗೇ ಬಂದರು. ಐವತ್ತರ ಆಸುಪಾಸಿನ ದಪ್ಪ ಮನುಷ್ಯ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಆವತ್ತು ನಾನೂ ಅಲ್ಲಿದ್ದೆ. ಮೇಷ್ಟ್ರು ಬೂದು ತುಂಬಿ ತೋರಿಸಿದರು, ರಟ್ಟಿನ ಪಟ್ಟಿ ಅಡ್ಡ ಹಿಡಿದು ತೋರಿಸಿದರು, ತಲೆಕೆಳಗು ಮಾಡಿಯೂ ತೋರಿಸಿದರು. ಆ ಮನುಷ್ಯ ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ನನ್ನ ಕಣ್ಣಿಗೆ ಎಲ್ಲ ಒಂದೇ ಇದೆ ಸ್ವಾಮಿ ಎಂದರು.

ಮೇಷ್ಟ್ರಿಗೆ ಪಿತ್ತ ನೆತ್ತಿಗೇರಿತು. ಬಣ್ಣ ಕಾಣದವರನ್ನು ಬಣ್ಣ ನೋಡಲು ಕಳಿಸಿದವರು ಯಾರೋ, ಅವರಿಗೊಂದು ದೊಡ್ಡ ನಮಸ್ಕಾರ ಎಂದು ಕೈಮುಗಿದರು. ಆ ಮನುಷ್ಯ ಬೇಸರ ಮಾಡಿಕೊಳ್ಳಲಿಲ್ಲ. ಇಂಥವು ಕೇಳಿ ಕೇಳಿ ಪಳಗಿದ್ದರು. ಚೀಟಿಗೆ ಸಹಿ ಹಾಕಿಸಿಕೊಂಡು ಚೀಲ ಹೆಗಲಿಗೇರಿಸಿದರು. ಅತ್ತಿಗೆ ಕುಡಿಯಲು ನೀರು ತಂದು ಬಾಗಿಲ ಬಳಿ ಕೊಟ್ಟರು. ಬಾಗಿಲು ತೆರೆದಿತ್ತು. ಬೆಳಗಿನ ಹತ್ತೂವರೆಯ ಬಿಸಿಲು ನೇರ ಅತ್ತಿಗೆಯ ಮುಖದ ಮೇಲಿತ್ತು.

ಲೋಟ ಕೈಗೆ ತೆಗೆದುಕೊಂಡವರು ಕುಡಿಯಲಿಲ್ಲ. ಅತ್ತಿಗೆಯ ಮುಖವನ್ನೇ ನೋಡುತ್ತ ನಿಂತರು.

‘ಅಮ್ಮ, ತಪ್ಪು ತಿಳೀಬೇಡಿ. ನಿಮಗೆ ಕಾಮಾಲೆ ಆಗಿದೆಯಾ?’

‘ಇಲ್ವಲ್ಲ’ ಎಂದರು ಅತ್ತಿಗೆ.

‘ಕಣ್ಣು ಹಳದಿ ಆಗಿದೆ. ನನ್ನ ಅಣ್ಣನಿಗೆ ಹೀಗೇ ಆಗಿತ್ತು. ಇವತ್ತೇ ತೋರಿಸಿ. ನಾಳೆ ಅಂತ ಮುಂದಕ್ಕೆ ಹಾಕಬೇಡಿ.’

ನಾನು ನೋಡಿದೆ. ಮೇಷ್ಟ್ರು ಕುರ್ಚಿಯಿಂದ ಎದ್ದು ಬಂದು ನೋಡಿದರು. ರಟ್ಟಿನ ಪಟ್ಟಿ ಇನ್ನೂ ಅವರ ಕೈಯಲ್ಲಿತ್ತು. ಅಡ್ಡ ಹಿಡಿಯುವ ಅಗತ್ಯವಿರಲಿಲ್ಲ. ಕಣ್ಣಿನ ಬಿಳಿಯಷ್ಟೇ ಅಲ್ಲ, ಕತ್ತು, ತೋಳು, ಉಗುರಿನ ಬುಡ ಕೂಡ. ವಾರಕ್ಕೆರಡು ಸಲ ಆ ಮನೆಗೆ ಹೋಗಿ ಅವರ ಕೈಯಿಂದಲೇ ಚಹಾ ತೆಗೆದುಕೊಳ್ಳುತ್ತಿದ್ದ ನನಗೂ ಅದುವರೆಗೆ ಕಂಡಿರಲಿಲ್ಲ.

ಆವತ್ತೇ ಆಸ್ಪತ್ರೆಗೆ ಹೋದೆವು. ವೈದ್ಯೆ ರೆಪ್ಪೆ ಎಳೆದು ನೋಡಿ, ಕಣ್ಣು ಹಳದಿಯಾಗಿ ಎಷ್ಟು ದಿನವಾಯಿತು ಎಂದು ಮೇಷ್ಟ್ರನ್ನೇ ಕೇಳಿದರು. ಮೇಷ್ಟ್ರು ಅತ್ತಿಗೆಯ ಮುಖ ನೋಡಿದರು. ‘ಒಂದು ವಾರ ಆಗಿರಬಹುದು ಡಾಕ್ಟ್ರೇ’ ಎಂದು ಅತ್ತಿಗೆಯೇ ಹೇಳಿದರು. ಗಂಡನ ಮಾನ ಮುಚ್ಚಲು ಹೇಳಿದರೋ, ನಿಜಕ್ಕೂ ಹಾಗೆಂದುಕೊಂಡಿದ್ದರೋ, ಈಗ ಕೇಳಲು ಅವರಿಲ್ಲ.

ಬರೀ ಕಾಮಾಲೆಯಲ್ಲ, ಕಾಮಾಲೆ ತಂದ ಗಂಟು ಬೇರೆಯಿತ್ತು. ಪಿತ್ತ ಇಳಿದು ಬರುವ ನಾಳದ ಬಾಯಲ್ಲಿ ಗಡ್ಡೆ. ಅದಾಗಲೇ ಪಿತ್ತಕೋಶದಾಚೆ, ಯಕೃತ್ತಿಗೂ ಹಬ್ಬಿತ್ತು. ಕೊಯ್ದು ತೆಗೆಯುವ ಹಂತ ದಾಟಿದೆ ಎಂದರು. ನಾಳದಲ್ಲೊಂದು ಸಣ್ಣ ಕೊಳವೆ ಕೂರಿಸಿ ಪಿತ್ತ ಹರಿಯುವ ಹಾಗೆ ಮಾಡಿದರು. ಹತ್ತೇ ದಿನದಲ್ಲಿ ಹಳದಿ ಇಳಿಯಿತು. ಮನೆಗೆ ಬಂದ ಅತ್ತಿಗೆಯ ಮುಖ ತಿಳಿಯಾಗಿತ್ತು, ಕಣ್ಣು ಬೆಳ್ಳಗಿತ್ತು. ನೋಡಲು ಬಂದವರೆಲ್ಲ ಇನ್ನೇನು ಗುಣವಾಯಿತು ಬಿಡಿ ಎಂದು ಹೇಳಿ ಹೋಗುತ್ತಿದ್ದರು. ಮೇಷ್ಟ್ರು ಅವರನ್ನು ಬಾಗಿಲವರೆಗೆ ಕಳಿಸಿ ಬಂದು ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಪಕ್ಕ ಹಾಕಿದ ಮಂಚದ ಬಳಿ ಕೂರುತ್ತಿದ್ದರು. ಮುಂದಿನ ಕೋಣೆಯ ಬಾಗಿಲನ್ನೇ ತೆಗೆಯುತ್ತಿರಲಿಲ್ಲ. ಅಂಗಳದ ಕಡೆಯ ಕಿಟಕಿಯ ಪರದೆ ಕಿತ್ತುಹಾಕಿದ್ದರು. ಬೆಳಗಿನಿಂದ ಸಂಜೆವರೆಗೆ ಆ ಬೆಳಕಿನಲ್ಲಿ ಹೆಂಡತಿಯ ಮುಖ ನೋಡುವುದೊಂದೇ ಕೆಲಸ.

‘ಏನ್ರೀ ಹಾಗೆ ನೋಡ್ತೀರ, ಹೊಸದಾಗಿ ನೋಡೋರ ಥರ’ ಎಂದರಂತೆ ಅತ್ತಿಗೆ. ಇನ್ನೊಂದು ದಿನ, ಮಾತಾಡಲು ಬಲವಿಲ್ಲದಾಗ, ಆ ಪರದೆ ಸರಿಹೋಯಿತಾ ಎಂದು ಕೇಳಿದರಂತೆ. ಮೇಷ್ಟ್ರಿಗೆ ಯಾವ ಪರದೆ ಎಂದು ಹೊಳೆಯಲು ಒಂದು ಗಳಿಗೆ ಬೇಕಾಯಿತು. ಸರಿಹೋಯಿತು, ಈಗ ಚೆನ್ನಾಗಿದೆ ಎಂದರು. ಸದ್ಯ ಎಂದರಂತೆ ಅತ್ತಿಗೆ. ಹನ್ನೊಂದನೆಯ ವಾರ, ಮಧ್ಯಾಹ್ನ, ಮಗಳು ಕಾಲು ಒತ್ತುತ್ತಿದ್ದಾಗ ಹೋಗಿಬಿಟ್ಟರು.

ಎಲ್ಲ ಮುಗಿದ ಮೇಲೆ ಗೋಡೆಗೆ ಹಾಕಲು ಒಂದು ಫೋಟೋ ಬೇಕೆಂದು ಮಗಳು ಕೇಳಿದಳು. ಮೇಷ್ಟ್ರು ಎಷ್ಟೋ ದಿನದ ಮೇಲೆ ಮುಂದಿನ ಕೋಣೆಯ ಬಾಗಿಲು ತೆಗೆದು ಕಂಪ್ಯೂಟರ್ ಹಚ್ಚಿದರು. ಕಿಟಕಿಯ ಬಳಿ ತೆಗೆದ ಆ ಚಿತ್ರ ನೆನಪಾಯಿತು. ತಿದ್ದಿದ್ದು ಸಿಕ್ಕಿತು. ಅದರ ಪಕ್ಕದಲ್ಲೇ ತಿದ್ದದ ಮೂಲವೂ ಇತ್ತು, ತೆಗೆದ ತಾರೀಖಿನ ಸಮೇತ.

ಅವರು ನನಗೆ ಫೋನು ಮಾಡಿ ಬರಲು ಹೇಳಿದ್ದು ಆಗ. ಹೋದೆ. ಮೂಲ ಚಿತ್ರ ಪರದೆಯ ಮೇಲಿತ್ತು. ಮೌಸಿನ ಬಾಣವನ್ನು ಚಿತ್ರದ ಯಾವ ಜಾಗದ ಮೇಲಿಟ್ಟರೂ ಅಲ್ಲಿ ಕೆಂಪು, ಹಸಿರು, ನೀಲಿ ಎಷ್ಟೆಷ್ಟಿದೆಯೆಂದು ಕಂಪ್ಯೂಟರ್ ಮೂರು ಅಂಕಿ ತೋರಿಸುತ್ತದೆ. ಪರದೆ ಎಷ್ಟೇ ಸುಳ್ಳು ಹೇಳಲಿ, ಅಂಕಿ ಹೇಳುವುದಿಲ್ಲ. ಅವರು ಬಾಣವನ್ನು ಅತ್ತಿಗೆಯ ಕೈಯಲ್ಲಿದ್ದ ರಟ್ಟಿನ ಮೇಲಿಟ್ಟರು. ಮೂರೂ ಅಂಕಿ ಒಂದೇ. ಅಪ್ಪಟ ಬೂದು. ಕ್ಯಾಮೆರಾದ ತಪ್ಪೇನೂ ಇರಲಿಲ್ಲ. ಆಮೇಲೆ ಬಾಣವನ್ನು ಮೆಲ್ಲಗೆ ಮೇಲಕ್ಕೆ ತಂದು ಕಣ್ಣಿನ ಬಿಳಿಯ ಮೇಲಿಟ್ಟರು. ನೀಲಿಯ ಅಂಕಿ ಉಳಿದೆರಡಕ್ಕಿಂತ ಮೂವತ್ತು ಕಡಿಮೆ. ನೀಲಿ ಇಳಿದಷ್ಟೂ ಹಳದಿ.

‘ಇಪ್ಪತ್ತಾರು ದಿನ’ ಎಂದರು. ‘ಆ ದಪ್ಪ ಮನುಷ್ಯ ಬರೋಕ್ಕೆ ಇಪ್ಪತ್ತಾರು ದಿನ ಮುಂಚೆ. ಅಂಕಿ ಇಲ್ಲೇ ಇತ್ತು. ಒಂದು ಸಲ ಬಾಣ ಇಡಲಿಲ್ಲ ನಾನು. ಒರೆಸಿಬಿಟ್ಟೆ.’

ಕಾಮಾಲೆ ಕಣ್ಣು ಎಂದು ನಕ್ಕ ಬಾಯಿ ನನ್ನದು. ಆಲ್ಬಮ್ ಬೇಗ ಬೇಕೆಂದು ಕುತ್ತಿಗೆಯ ಮೇಲೆ ಕೂತವನೂ ನಾನೇ. ಅವರ ಪಕ್ಕದ ಸ್ಟೂಲಿನ ಮೇಲೆ ಕೂತೆ. ಎದುರಿಗೆ ಪರದೆಯ ಮೇಲೆ ಅತ್ತಿಗೆ ರಟ್ಟು ಹಿಡಿದುಕೊಂಡು ಸ್ವಲ್ಪ ನಾಚಿಕೊಂಡೇ ನಮ್ಮನ್ನು ನೋಡುತ್ತಿದ್ದರು.

ಮರುವಾರ ಅವರು ಆ ಚಿತ್ರದ ಪ್ರತಿ ಹಿಡಿದು ವೈದ್ಯೆಯ ಬಳಿ ಹೋದರು. ನಾನು ಬೇಡವೆಂದೆ, ಕೇಳಲಿಲ್ಲ. ಜೊತೆಗೆ ಹೋಗಿ ಹೊರಗೆ ಕೂತೆ. ಈ ದಿನವೇ ಕರೆತಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿದರಂತೆ. ವೈದ್ಯೆ ಚಿತ್ರವನ್ನು ನೋಡಿ ಕೆಳಗಿಟ್ಟು, ಹೇಳಲು ಬರುವುದಿಲ್ಲ ಎಂದರು. ಈ ಗಡ್ಡೆಯಲ್ಲಿ ಹಳದಿ ಬೇಗ ಕಾಣಿಸಿಕೊಂಡರೆ ಕೆಲವರಿಗೆ ಆಪರೇಷನ್ನಿಗೆ ಅವಕಾಶವಿರುತ್ತದೆ. ಕೆಲವರಿಗೆ ಹಳದಿ ಕಾಣುವ ಹೊತ್ತಿಗೇ ತಡವಾಗಿರುತ್ತದೆ. ನಿಮ್ಮವರು ಯಾವ ಗುಂಪಿನವರೆಂದು ಈಗ ತಿಳಿಯುವ ದಾರಿಯಿಲ್ಲ. ವೈದ್ಯೆ ಒಳ್ಳೆಯ ಹೆಂಗಸು, ಸುಳ್ಳು ಹೇಳಲಿಲ್ಲ. ‘ಏನೂ ಆಗ್ತಿರಲಿಲ್ಲ ಅಂದಿದ್ರೆ ಅವರ ಗಂಟೇನು ಹೋಗ್ತಿತ್ತು’ ಎಂದು ಮೇಷ್ಟ್ರು ದಾರಿಯುದ್ದಕ್ಕೂ ಹೇಳುತ್ತ ಬಂದರು.

ಮಗಳಿಗೆ ಹೇಳದೆ ಇರಲು ಅವರಿಂದ ಆಗಲಿಲ್ಲ. ಮುಂದಿನ ಸಲ ಅವಳು ಬಂದಾಗ ಮುಂದಿನ ಕೋಣೆಗೆ ಕರೆದು ಕೂರಿಸಿ, ಎರಡೂ ಚಿತ್ರ ಅಕ್ಕಪಕ್ಕ ಇಟ್ಟು ತೋರಿಸಿ, ಎಲ್ಲ ಹೇಳಿದರು. ಅವಳು ಬೈಯಲಿ ಎಂದೇ ಅವರಿಗೆ ಆಸೆಯಿತ್ತು ಎಂದು ನನಗೆ ಅನ್ನಿಸುತ್ತದೆ. ಅವಳು ಬೈಯಲಿಲ್ಲ. ಅಮ್ಮನ ಎರಡೂ ಮುಖಗಳನ್ನು ನೋಡುತ್ತ ಕೂತವಳು ಕೊನೆಗೆ ತನ್ನದೊಂದು ಹೇಳಿದಳು.

‘ಅಪ್ಪ, ಅಮ್ಮ ನಂಗೆ ಫೋನ್ ಮಾಡಿದ್ಳು. ಮೈಯೆಲ್ಲ ತುರಿಕೆ, ರಾತ್ರಿ ನಿದ್ದೆ ಇಲ್ಲ, ಏನಾದ್ರೂ ಹಚ್ಕೊಳ್ಳೋದು ಹೇಳು ಅಂದ್ಳು. ಕೌಂಟರ್ ಮುಂದೆ ಜನ ನಿಂತಿದ್ರು. ಸೋಪು ಬದಲಾಯಿಸಮ್ಮ ಅಂದೆ. ಒಂದು ಮುಲಾಮಿನ ಹೆಸರು ಹೇಳಿದೆ. ಅಪ್ಪಂಗೆ ಹೇಳಿದ್ಯಾ ಅಂತ ಕೇಳಿದ್ದಕ್ಕೆ, ಅವರಿಗೆ ಪರದೆದೇ ಚಿಂತೆ ಆಗಿದೆ, ಇದನ್ನ ಬೇರೆ ಹೇಳೋದಾ ಅಂದ್ಳು.’

ಆಮೇಲೆ, ‘ಕಾಮಾಲೆಗೆ ಮೈ ತುರಿಸತ್ತೆ ಅಂತ ನಂಗೆ ಗೊತ್ತು ಅಪ್ಪ. ಪರೀಕ್ಷೇಲಿ ಬರೆದಿದ್ದೀನಿ’ ಎಂದಳು.

ಮೇಷ್ಟ್ರು ಮಗಳ ತಲೆಯ ಮೇಲೆ ಕೈಯಿಟ್ಟರಂತೆ. ನೀನು ದೂರದಲ್ಲಿದ್ದೆ ಮಗಳೇ, ಫೋನಿನಲ್ಲಿ ಬಣ್ಣ ಕಾಣುತ್ತದಾ, ನಿನ್ನದೇನೂ ತಪ್ಪಿಲ್ಲ ಎಂದರಂತೆ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ದೂರದಲ್ಲಿದ್ದವಳ ತಪ್ಪಿಲ್ಲ ಎಂದು ಹೇಳಿದ ಮೇಲೆ ಹತ್ತಿರದಲ್ಲಿದ್ದವರ ಮಾತು ಬರುತ್ತದೆ. ಅದನ್ನು ಅವಳು ಹೇಳುವಳೇನೋ ಎಂದು ಮೇಷ್ಟ್ರು ಕಾದರು. ಅವಳು ಹೇಳಲಿಲ್ಲ. ಮುಖ ತೊಳೆದು ಬಂದು, ತಿದ್ದದ ಚಿತ್ರವನ್ನೇ ದೊಡ್ಡದು ಮಾಡಿಸಿ ಹಾಕೋಣ ಎಂದಳು. ಅಮ್ಮ ಹೇಗಿದ್ದಳೋ ಹಾಗೇ ಇರಲಿ. ಈಗ ಅದೇ ಹೊಲಿಗೆ ಯಂತ್ರದ ಮೇಲಿನ ಗೋಡೆಯಲ್ಲಿದೆ. ನಾನು ಆ ಕೋಣೆಗೆ ಹೋದರೆ ತಲೆಯೆತ್ತುವುದಿಲ್ಲ.

ಮಾನಿಟರಿನ ಕಂಪನಿಯವರು ಇನ್ನೊಂದು ಬದಲಿ ಕಳಿಸುತ್ತೇವೆಂದರು. ಮೇಷ್ಟ್ರು ಬೇಡವೆಂದುಬಿಟ್ಟರು. ಚಿತ್ರದ ಕಿಟಕಿಯನ್ನು ಎಡಗಡೆಯ ಅರ್ಧಕ್ಕೆ ಸರಿಸಿಟ್ಟುಕೊಂಡು ಕೆಲಸ ಮಾಡುತ್ತಾರೆ. ಬಲಗಡೆಯನ್ನು ಖಾಲಿ ಬಿಡುತ್ತಾರೆ. ಈಗ ಕಣ್ಣಿಗಿಂತ ಅಂಕಿಯನ್ನೇ ನಂಬುತ್ತಾರೆ, ಪ್ರತಿ ಮುಖದ ಮೇಲೂ ಬಾಣ ಇಟ್ಟು ನೋಡುತ್ತಾರೆ. ಕೆಲಸ ನಿಧಾನವಾಗಿದೆ. ಕೆಲವು ಫೋಟೋದವರು ಬೇರೆಯವರ ಬಳಿ ಹೋದರು. ನಾನು ಹೋಗಿಲ್ಲ.

ಇನ್ನೊಂದು ಹೊಸದಾಗಿ ಶುರುವಾಗಿದೆ. ಯಾರ ಮದುವೆಯ, ಯಾರ ಹುಟ್ಟುಹಬ್ಬದ ಚಿತ್ರವೇ ಆಗಲಿ, ಯಾವುದೋ ಒಂದು ಮುಖದ ಕಣ್ಣಿನ ಬಿಳಿಯಲ್ಲಿ ನೀಲಿಯ ಅಂಕಿ ಕಡಿಮೆ ಬಂದರೆ ಅವರು ತಿದ್ದುವುದಿಲ್ಲ. ನನಗೆ ಫೋನು ಮಾಡಿ ಆ ಮನೆಯವರ ನಂಬರು ಕೇಳುತ್ತಾರೆ. ಮೊದಲ ಸಲ ನಾನು ಕೊಡಲಿಲ್ಲ. ಅವರು ನೇರ ಮದುವೆ ಮಂಟಪದವರ ಬಳಿ ಹೋಗಿ ಪತ್ತೆ ಮಾಡಿದರು. ಎರಡನೆಯ ಸಲದಿಂದ ಕೊಡುತ್ತಿದ್ದೇನೆ. ಇದುವರೆಗೆ ಐದು ಮನೆಗೆ ಮಾಡಿದ್ದಾರೆ. ಮೂವರಿಗೆ ಏನೂ ಇರಲಿಲ್ಲ, ಮಂಟಪದ ದೀಪದ ಬಣ್ಣ ಅಷ್ಟೇ. ಒಬ್ಬರು ಫೋನೇ ಎತ್ತಲಿಲ್ಲ. ಅವರದ್ದು ಏನಾಯಿತೋ ಎಂದು ಮೇಷ್ಟ್ರು ಆಗಾಗ ಕೇಳುತ್ತಾರೆ.

ಐದನೆಯದು ಮೊನ್ನೆ ನಾನಲ್ಲಿದ್ದಾಗಲೇ ಆಯಿತು. ಮದುಮಗನ ದೊಡ್ಡಮ್ಮ, ಗುಂಪಿನ ಹಿಂದಿನ ಸಾಲಿನಲ್ಲಿ ನಿಂತವರು. ಮೇಷ್ಟ್ರು ತಮ್ಮ ಪರಿಚಯ ಹೇಳಿ, ತಡವರಿಸುತ್ತ ಕಣ್ಣಿನ ವಿಷಯ ತೆಗೆದರು. ಆಚೆಯವರ ದನಿ ನನಗೂ ಕೇಳಿಸುವಷ್ಟು ಗಟ್ಟಿಯಾಗಿತ್ತು.

‘ಅಲ್ರೀ, ಫೋಟೋ ಚೆನ್ನಾಗಿ ಮಾಡಿ ಅಂತ ಕೊಟ್ರೆ ನಮ್ಮ ಮನೆಗೇ ರೋಗ ತರ್ತೀರಲ್ಲ. ನಾನು ಗುಂಡುಕಲ್ಲಿನ ಹಾಗಿದ್ದೀನಿ. ನೀವು ನಿಮ್ಮ ಕೆಲಸ ನೋಡ್ಕೊಳ್ಳಿ.’

‘ಆಯ್ತಮ್ಮ, ಒಳ್ಳೇದಾಯ್ತು’ ಎಂದರು ಮೇಷ್ಟ್ರು. ‘ಆದ್ರೂ ಒಂದ್ಸಲ ಬಿಸಿಲಲ್ಲಿ ನಿಂತು, ಮನೆಯವರ ಹತ್ರ ನೋಡಿಸ್ಕೊಳ್ಳಿ. ಯಾರಾದ್ರೂ ಒಬ್ರು ಸರಿಯಾಗಿ ನೋಡಲಿ.’

ಆಚೆಯಿಂದ ಫೋನು ಕಟ್ಟಾಗಿತ್ತು. ಮೇಷ್ಟ್ರು ಅದನ್ನು ಗಮನಿಸಿದಂತಿರಲಿಲ್ಲ. ಇನ್ನೂ ಎರಡು ಮಾತು ಹೇಳಿಯೇ ಕೆಳಗಿಟ್ಟರು.